ಮೊದಲ ಫಾರ್ಚುನರ್ ಒಳಗೆ ಏನಿದೆ? ಬಿಡದಿಯಿಂದ ಬಂದ ಗಾಡಿಯ ಎಂಜಿನಿಯರಿಂಗ್, ಸರಳವಾಗಿ

ಕವಲಂದೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡ್ ಒಂದೇ ಒಂದು ಗಾಡಿ ಬಗ್ಗೆ. ನಮ್ಮ ಕಡೆ ಮದುವೆ ಛತ್ರದ ಮುಂದೆ ಅದು ಬಂದು ನಿಂತರೆ ಸಾಕು, "ಯಾರೋ ಲೀಡರ್ ಬಂದ್ರು" ಅಂತ ಜನ ತಿರುಗಿ ನೋಡ್ತಾರೆ. ಹೌದು, ಟೊಯೊಟಾ ಫಾರ್ಚುನರ್. ಅದರಲ್ಲೂ 2009ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಮೊದಲ ತಲೆಮಾರಿನ ಗಾಡಿ. ಆಗ ಎಕ್ಸ್ ಶೋರೂಂ ಬೆಲೆ 18.45 ಲಕ್ಷ. ಜೋಡಣೆ ಆಗಿದ್ದು ನಮ್ಮ ಮೈಸೂರು–ಬೆಂಗಳೂರು ರಸ್ತೆಯ ಬಿಡದಿಯಲ್ಲೇ.

ಈಗ ಯಾಕೆ ಈ ಹಳೇ ಗಾಡಿ ವಿಷ್ಯ? ಆಗ ಕೈಗೆಟುಕದ ಈ ಗಾಡಿ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಾ ಇದೆ. ನಮ್ಮ ವಯಸ್ಸಿನ ಹುಡುಗರು ತಗೋತಿದ್ದಾರೆ, ತಗೊಂಡು ಎಕ್ಸ್‌ಪ್ರೆಸ್‌ವೇ ಹತ್ತಿಸ್ತಿದ್ದಾರೆ. ಆ ಗಾಡಿ ಯಾವುದಕ್ಕೆ ಹುಟ್ಟಿದ್ದು, ಯಾವುದಕ್ಕೆ ಅಲ್ಲ ಅನ್ನೋದು ಸ್ಟಿಯರಿಂಗ್ ಹಿಡಿಯೋ ಮೊದಲು ಗೊತ್ತಿರಬೇಕು.

ಐಷಾರಾಮಿ ಎಸ್‌ಯುವಿಯ ಎರಡು ದಾರಿ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1970ರಲ್ಲಿ ಬ್ರಿಟನ್‌ನಲ್ಲಿ ರೇಂಜ್ ರೋವರ್ ಬಂತು. ಲಾರಿ ತರಹದ ಚಾಸಿ, ಅದರ ಮೇಲೆ ಮೆತ್ತನೆಯ ಕಾಯಿಲ್ ಸ್ಪ್ರಿಂಗ್, 3.5 ಲೀಟರ್ ವಿ8 ಎಂಜಿನ್, ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ. ಹೊಲದಲ್ಲೂ ಓಡತ್ತೆ, ಹೈವೇಲೂ ಓಡತ್ತೆ ಅನ್ನೋ ಐಡಿಯಾ ಅದು.

1999ರಲ್ಲಿ ಬಿಎಂಡಬ್ಲ್ಯು ಎಕ್ಸ್5 ಬಂದಾಗ ದಾರಿ ಬದಲಾಯ್ತು. ಅದರಲ್ಲಿ ಬೇರೆ ಚಾಸಿನೇ ಇಲ್ಲ. ಕಾರಿನ ಹಾಗೆ ಇಡೀ ಬಾಡಿಯೇ ಭಾರ ಹೊರತ್ತೆ. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಎಂಜಿನ್ ಶಕ್ತಿಯಲ್ಲಿ 62 ಪರ್ಸೆಂಟ್ ಹಿಂದಿನ ಚಕ್ರಗಳಿಗೆ, ಯಾಕಂದ್ರೆ ಬಿಎಂಡಬ್ಲ್ಯುಗೆ ತಿರುವಿನಲ್ಲಿ ಕಾರಿನ ಫೀಲ್ ಬೇಕಿತ್ತು. ಕಲ್ಲುಮಣ್ಣಲ್ಲಿ ಬೇಕಾಗೋ ಲೋ ರೇಂಜ್ ಗೇರನ್ನು ಅದು ಇಟ್ಟೇ ಇರಲಿಲ್ಲ. 2002ರಲ್ಲಿ ಪೋರ್ಷೆ ಕಯೆನ್ ಬಂತು. ಅದರ ಟರ್ಬೊ ಮಾಡೆಲ್‌ಗೆ 450 ಪಿಎಸ್ ಶಕ್ತಿ.

ನಮ್ಮ ಫಾರ್ಚುನರ್ ಬಂದಿದ್ದು ಇವೆಲ್ಲ ಆದ ಮೇಲೆ. ಆದ್ರೆ ಒಳಗಿನ ಲೆಕ್ಕ ನೋಡಿದ್ರೆ ಅದು 1999ರ ಎಕ್ಸ್5ಗಿಂತ 1970ರ ರೇಂಜ್ ರೋವರ್‌ಗೇ ಹತ್ತಿರದ ಸಂಬಂಧಿ. ಬ್ರೇಕ್ ವಿಷಯದಲ್ಲಂತೂ ಆ ಹಳೇ ರೇಂಜ್ ರೋವರ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇತ್ತು, 2009ರ ಫಾರ್ಚುನರ್‌ಗೆ ಹಿಂದೆ ಡ್ರಮ್.

ಒಂದು ಏಣಿ, ಐದು ಗಾಡಿ

ಫಾರ್ಚುನರ್ ಕೆಳಗೆ ಬಗ್ಗಿ ನೋಡಿ. ಎರಡು ಉದ್ದನೆಯ ಉಕ್ಕಿನ ತೊಲೆ, ಮಧ್ಯೆ ಅಡ್ಡಪಟ್ಟಿಗಳು. ಏಣಿ ಮಲಗಿಸಿದ ಹಾಗೆ. ಅದಕ್ಕೇ ಲ್ಯಾಡರ್ ಫ್ರೇಮ್ ಅಂತಾರೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲ ಆ ಏಣಿಗೆ ಕೂತಿರತ್ತೆ. ನಾವು ಕೂರೋ ಬಾಡಿ ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿದ್ದು.

ಟೊಯೊಟಾ 2004ರಲ್ಲಿ ಐಎಂವಿ ಅನ್ನೋ ಯೋಜನೆ ಶುರು ಮಾಡ್ತು. ಒಂದೇ ಮೂಲ ವಿನ್ಯಾಸದ ಮೇಲೆ ಐದು ಗಾಡಿ: ಮೂರು ಬಗೆಯ ಹೈಲಕ್ಸ್ ಪಿಕಪ್, ಒಂದು ಇನ್ನೋವಾ, ಒಂದು ಫಾರ್ಚುನರ್. ನಾನು ಓದಿದ್ದು ಬಿಕಾಂ, ಹಾಗಾಗಿ ಈ ಭಾಗ ನಂಗೆ ತುಂಬ ಇಷ್ಟ. ಒಂದು ಚಾಸಿ, ಒಂದು ಎಂಜಿನ್ ಡಿಸೈನ್ ಮಾಡೋ ಖರ್ಚನ್ನ ಐದು ಗಾಡಿಗೆ, ಹತ್ತಾರು ದೇಶಕ್ಕೆ ಹಂಚಿದ್ರೆ ಒಂದೊಂದು ಗಾಡಿ ಮೇಲೆ ಬೀಳೋ ಪಾಲು ಕಮ್ಮಿ ಆಗತ್ತೆ. ಉಳಿದ ದುಡ್ಡಲ್ಲಿ ಭಾಗಗಳನ್ನ ಗಟ್ಟಿ ಮಾಡಬಹುದು. ಬಿಡಿಭಾಗ ಎಲ್ಲಾ ಕಡೆ ಸಿಗತ್ತೆ.

ಈ ಲೆಕ್ಕದಲ್ಲಿ ನಮ್ಮ ಕರ್ನಾಟಕಕ್ಕೂ ಪಾಲಿದೆ. ಡೀಸೆಲ್ ಎಂಜಿನ್ ಥಾಯ್ಲೆಂಡ್‌ನಿಂದ, ಪೆಟ್ರೋಲ್ ಎಂಜಿನ್ ಇಂಡೊನೇಷ್ಯಾದಿಂದ, ಮ್ಯಾನುಯಲ್ ಗೇರ್‌ಬಾಕ್ಸ್ ಫಿಲಿಪೀನ್ಸ್ ಮತ್ತು ಇಂಡಿಯಾದಿಂದ ಅಂತ ಟೊಯೊಟಾ ಕೆಲಸ ಹಂಚಿತ್ತು. ಇಂಡಿಯಾದಿಂದ ಅಂದ್ರೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್. ಅಂದ್ರೆ ಹೊರದೇಶದಲ್ಲಿ ಓಡೋ ಎಷ್ಟೋ ಟೊಯೊಟಾ ಗಾಡಿಗಳ ಗೇರ್ ನಮ್ಮ ರಾಮನಗರದ ಪಕ್ಕ ತಯಾರಾಗಿದ್ದು.

ಎತ್ತಿನ ಗಾಡಿ ಅಚ್ಚು ನೆನಪಿಸ್ಕೊಳ್ಳಿ

ಫಾರ್ಚುನರ್ ಮುಂದಿನ ಎರಡು ಚಕ್ರ ಒಂದಕ್ಕೊಂದು ಸಂಬಂಧ ಇಲ್ಲದೆ ಮೇಲೆ ಕೆಳಗೆ ಆಡ್ತವೆ. ಹಿಂದೆ ಹಾಗಿಲ್ಲ. ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಎತ್ತಿನ ಗಾಡಿಯ ಒಂದು ಚಕ್ರ ಕಲ್ಲು ಹತ್ತಿದಾಗ ಅಚ್ಚು ಪೂರ್ತಿ ವಾಲತ್ತಲ್ಲ, ಹಾಗೇ ಇಲ್ಲೂ. ಒಂದು ಚಕ್ರ ಹಂಪ್ ಹತ್ತಿದ್ರೆ ಇನ್ನೊಂದಕ್ಕೂ ಸುದ್ದಿ ಮುಟ್ಟತ್ತೆ. ಪಿಕಪ್ ಹೈಲಕ್ಸ್‌ಗೆ ಆ ಆಕ್ಸಲ್ ಮೇಲೆ ಲಾರಿ ತರಹದ ಪಟ್ಟಿ ಸ್ಪ್ರಿಂಗ್ ಇದೆ. ಫಾರ್ಚುನರ್‌ಗೆ ಅದನ್ನ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದ್ರು. ವೀಲ್‌ಬೇಸ್ ಕೂಡ ಹೈಲಕ್ಸ್‌ನ 3,085 ಮಿ.ಮೀ.ಯಿಂದ 2,750ಕ್ಕೆ ಇಳಿಸಿದ್ರು.

ಇದರ ಲಾಭ: ಗುಂಡಿಗೆ ಬಿದ್ದರೂ ಜಗ್ಗಲ್ಲ, ಭಾರ ತಡೆಯತ್ತೆ, ಹಳ್ಳ ದಿಣ್ಣೆಯಲ್ಲಿ ಚಕ್ರ ನೆಲ ಬಿಡಲ್ಲ. ನಷ್ಟ: ಹಿಂದಿನ ಸೀಟಲ್ಲಿ ಕೂತವರಿಗೆ ಕುಲುಕಾಟ. ಅಂಕುಡೊಂಕಾದ ರಸ್ತೆಯಲ್ಲಿ ವೇಗವಾಗಿ ಹೋದ್ರೆ ಬಾಡಿ ಒಂದು ಕಡೆಗೆ ವಾಲತ್ತೆ, ಆಮೇಲೆ ನಿಧಾನಕ್ಕೆ ಸರಿಹೋಗತ್ತೆ. ಬಣ್ಣಾರಿ ಅಮ್ಮನ ಗುಡಿಗೆ ಹೋಗೋವಾಗ ದಿಂಬಂ ಘಾಟ್‌ನ 27 ಹೇರ್‌ಪಿನ್ ತಿರುವು ಬರ್ತವಲ್ಲ, ಅಲ್ಲಿ ಈ ವ್ಯತ್ಯಾಸ ಹೊಟ್ಟೆಗೇ ಗೊತ್ತಾಗತ್ತೆ.

ಎಂಜಿನ್: ನೂಕು ಬೇರೆ, ವೇಗ ಬೇರೆ

ಎಂಜಿನ್ 2,982 ಸಿಸಿ ಡೀಸೆಲ್. ಕಂಪನಿ ಕರೆಯೋ ಹೆಸರು 1ಕೆಡಿ-ಎಫ್‌ಟಿವಿ. ಶಕ್ತಿ 171 ಪಿಎಸ್, ಟಾರ್ಕ್ 343 ನ್ಯೂಟನ್ ಮೀಟರ್. ಮುಖ್ಯ ವಿಷಯ ಅಂದ್ರೆ ಆ ಪೂರ್ತಿ ಟಾರ್ಕ್ 1,400 ಆರ್‌ಪಿಎಂನಲ್ಲೇ ಸಿಗತ್ತೆ, 3,400ರ ತನಕ ಇರತ್ತೆ. ಟರ್ಬೊ ಒಳಗಿನ ರೆಕ್ಕೆಗಳು ಎಂಜಿನ್ ವೇಗಕ್ಕೆ ತಕ್ಕ ಹಾಗೆ ಕೋನ ಬದಲಾಯಿಸ್ತವೆ. ಹೊಗೆ ಕಮ್ಮಿ ಬರುವಾಗ ದಾರಿ ಕಿರಿದು ಮಾಡಿ ಟರ್ಬೊನ ಬೇಗ ತಿರುಗಿಸ್ತವೆ. ಅದಕ್ಕೇ ಮುಂದಿನ ಕಬ್ಬಿನ ಟ್ರಾಕ್ಟರ್ ದಾಟುವಾಗ ಗೇರ್ ಇಳಿಸೋ ಅಗತ್ಯ ಅಷ್ಟಾಗಿ ಬರಲ್ಲ, ಸೀಟು ಬೆನ್ನಿಗೆ ಒತ್ತತ್ತೆ.

ಆ ಒತ್ತಡ ಅನುಭವಿಸಿದವರು "ರಾಕೆಟ್ ಗುರೂ" ಅಂತಾರೆ. ಲೆಕ್ಕ ಮಾಡೋಣ. ಗಾಡಿ ತೂಕ ಸುಮಾರು ಎರಡು ಟನ್. 171 ಭಾಗಿಸು 2, ಅಂದ್ರೆ ಟನ್ನಿಗೆ ಸುಮಾರು 85 ಪಿಎಸ್. 2018ರ ಪೆಟ್ರೋಲ್ ಸ್ವಿಫ್ಟ್ ತಗೊಳ್ಳಿ. 83 ಪಿಎಸ್, ತೂಕ 900 ಕೆಜಿ ಒಳಗೆ. ಟನ್ನಿಗೆ 90ಕ್ಕಿಂತ ಜಾಸ್ತಿ! ಆ ಕಯೆನ್ ಟರ್ಬೊಗೆ ಟನ್ನಿಗೆ 190ರ ಆಸುಪಾಸು. ಅಂದ್ರೆ ಫಾರ್ಚುನರ್‌ದು ಎಳೆಯೋ ತಾಕತ್ತು. ರೇಸ್ ಮಾಡೋ ತಾಕತ್ತು ಬೇರೆ ವಿಷಯ.

ನಿಜವಾದ ಹೀರೊ: ಮಧ್ಯದ ಡಿಫರೆನ್ಷಿಯಲ್

ಈ ಮೊದಲ ಫಾರ್ಚುನರ್‌ನ ಸ್ಪೆಷಲ್ ಇಲ್ಲಿದೆ. ಅದರ ಫೋರ್ ವೀಲ್ ಡ್ರೈವ್ ಆಫ್ ಮಾಡೋಕಾಗಲ್ಲ, ಯಾವಾಗಲೂ ಆನ್.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗ್ತವೆ. ಎರಡು ಆಕ್ಸಲನ್ನೂ ಬಿಗಿಯಾಗಿ ಕಟ್ಟಿದ್ರೆ ಒಣ ಡಾಂಬರ್ ಮೇಲೆ ಟೈರ್ ಉಜ್ಜತ್ತೆ, ಗೇರ್‌ಗಳ ಮೇಲೆ ಒತ್ತಡ ಬೀಳತ್ತೆ. ಅದಕ್ಕೇ ಸಾಮಾನ್ಯ ಫೋರ್ ಬೈ ಫೋರ್ ಜೀಪಲ್ಲಿ ಡಾಂಬರ್ ಮೇಲೆ ಆ ಲಿವರ್ ಹಾಕಬೇಡಿ ಅಂತಾರೆ. ಫಾರ್ಚುನರ್‌ನಲ್ಲಿ ಎರಡು ಆಕ್ಸಲ್ ಮಧ್ಯೆ ಟಾರ್ಸೆನ್ ಅನ್ನೋ ಡಿಫರೆನ್ಷಿಯಲ್ ಇದೆ. ಒಳಗೆ ಓರೆ ಹಲ್ಲಿನ ಗೇರ್‌ಗಳು. ತಿರುವಿನಲ್ಲಿ ವೇಗದ ವ್ಯತ್ಯಾಸಕ್ಕೆ ಅವು ಅವಕಾಶ ಕೊಡ್ತವೆ. ಒಂದು ಆಕ್ಸಲ್ ಜಾರೋಕೆ ಶುರು ಮಾಡಿದ ತಕ್ಷಣ ತಾವೇ ಬಿಗಿಯಾಗಿ, ಹಿಡಿತ ಇರೋ ಕಡೆಗೆ ಹೆಚ್ಚು ಶಕ್ತಿ ಕಳಿಸ್ತವೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಹಲ್ಲುಗಳ ಉಜ್ಜಾಟ.

ಮಳೆಗಾಲದಲ್ಲಿ ನಂಜನಗೂಡು–ಚಾಮರಾಜನಗರ ರಸ್ತೆ ಒದ್ದೆಯಾದಾಗ ಈ ಗಾಡಿ ನೆಟ್ಟಗೆ ಹೋಗತ್ತೆ ಅನ್ನೋ ನಂಬಿಕೆ ಬರೋದು ಇದರಿಂದ. ಆದ್ರೆ ಟಾರ್ಸೆನ್‌ಗೂ ಮಿತಿ ಇದೆ. ಒಂದು ಆಕ್ಸಲ್‌ಗೆ ಹಿಡಿತ ಪೂರ್ತಿ ಸೊನ್ನೆ ಆದ್ರೆ, ಉದಾಹರಣೆಗೆ ಎರೆಮಣ್ಣಿನ ಹೊಲದ ದಾರಿಯಲ್ಲಿ ಹೂತುಕೊಂಡ್ರೆ, ಸೊನ್ನೆಯನ್ನ ಎಷ್ಟರಿಂದ ಗುಣಿಸಿದ್ರೂ ಸೊನ್ನೆನೇ. ಆಗ ಚಿಕ್ಕ ಲಿವರ್ ಬಳಸಿ ಡಿಫರೆನ್ಷಿಯಲ್ ಲಾಕ್ ಮಾಡಬೇಕು. ಇನ್ನೂ ಬೇಕಾದ್ರೆ ಲೋ ರೇಂಜ್ ಇದೆ, ಚಕ್ರಕ್ಕೆ ಬರೋ ಟಾರ್ಕ್ ಸುಮಾರು ಎರಡೂವರೆ ಪಟ್ಟು ಆಗತ್ತೆ.

2016ರ ನವೆಂಬರ್‌ನಲ್ಲಿ ಬಂದ ಎರಡನೇ ತಲೆಮಾರಿನಲ್ಲಿ ಈ ಪರ್ಮನೆಂಟ್ ವ್ಯವಸ್ಥೆ ಹೋಯ್ತು. ಬೇಕಾದಾಗ ಮಾತ್ರ ಹಾಕ್ಕೊಳ್ಳೋ ಫೋರ್ ವೀಲ್ ಡ್ರೈವ್ ಬಂತು.

ಎಕ್ಸ್‌ಪ್ರೆಸ್‌ವೇಲಿ ಏನಾಗತ್ತೆ?

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಆ ವರ್ಷದ ಸಾವುಗಳ ಸುದ್ದಿ ನೀವೆಲ್ಲ ನೋಡಿದ್ದೀರಿ. ಆಮೇಲೆ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರಾಕ್ಟರ್‌ಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಕಾರಿಗೆ ಮಿತಿ 100 ಕಿ.ಮೀ.

ಫಾರ್ಚುನರ್‌ನಲ್ಲಿ ಎತ್ತರಕ್ಕೆ ಕೂತಿರ್ತೀವಿ, ನೆಲ ದೂರ ಕಾಣತ್ತೆ. ಹಾಗಾಗಿ 140ರಲ್ಲಿದ್ರೂ 100ರ ಹಾಗೆ ಅನಿಸತ್ತೆ. ಆದ್ರೆ ಗಾಡಿಯಲ್ಲಿ ತುಂಬಿಕೊಂಡಿರೋ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. 100ರಿಂದ 140ಕ್ಕೆ ಹೋದ್ರೆ ವೇಗ ಜಾಸ್ತಿ ಆಗೋದು 40 ಪರ್ಸೆಂಟ್, ಶಕ್ತಿ ಮಾತ್ರ ಹತ್ತಿರ ಹತ್ತಿರ ಡಬಲ್. ಬ್ರೇಕ್ ಒತ್ತಿದ ಮೇಲೆ ನಿಲ್ಲೋ ದೂರವೂ ಸುಮಾರು ಡಬಲ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋದು ಮುಂದೆ ನೂಕೋಕೆ. ನಿಲ್ಲಿಸೋಕೆ ಅದರಿಂದ ಏನೂ ಸಹಾಯ ಇಲ್ಲ, ನಿಲ್ಲಿಸೋದು ಟೈರು ಮತ್ತು ಬ್ರೇಕು.

ಇನ್ನೊಂದು, ಎತ್ತರ. ನೆಲದಿಂದ 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಅದರ ಮೇಲೆ ಏಣಿ, ಅದರ ಮೇಲೆ ಬಾಡಿ. ಭಾರದ ಕೇಂದ್ರ ಮೇಲಕ್ಕೆ ಹೋಗತ್ತೆ. ನಾಯಿ ಅಡ್ಡ ಬಂತು ಅಂತ ಥಟ್ಟನೆ ಎಡಕ್ಕೆ ಎಳೆದು ಮತ್ತೆ ಬಲಕ್ಕೆ ಎಳೆದ್ರೆ, ಮೊದಲ ವಾಲಾಟ ಮುಗಿಯೋ ಮೊದಲೇ ಎರಡನೇದು ಶುರು ಆಗತ್ತೆ. ಎತ್ತರದ ಗಾಡಿ ಪಲ್ಟಿ ಆಗೋದು ಹೀಗೆ. ಸ್ಟಿಯರಿಂಗ್ ನೇರ ಹಿಡಿದು ಜೋರಾಗಿ ಬ್ರೇಕ್ ಒತ್ತೋದೇ ಒಳ್ಳೇದು.

ತಗೊಳ್ಳೋ ಮೊದಲು

ಸೆಕೆಂಡ್ ಹ್ಯಾಂಡ್ ನೋಡೋರಿಗೆ ನಾಲ್ಕು ಮಾತು. ಒಂದು, 2012ರಲ್ಲಿ ಟೂ ವೀಲ್ ಡ್ರೈವ್ ಮಾಡೆಲ್‌ಗಳೂ ಬಂದವು. ಹಿಂದಿನ ಸ್ಟಿಕ್ಕರ್ ನಂಬಬೇಡಿ, ಒಳಗೆ ಆ ಎರಡನೇ ಚಿಕ್ಕ ಲಿವರ್ ಇದೆಯಾ ನೋಡಿ. ಎರಡು, ನಾಲ್ಕೂ ಟೈರ್ ಒಂದೇ ಸೈಜ್, ಸುಮಾರು ಒಂದೇ ಸವೆತ ಇರಬೇಕು. ಎರಡು ಹೊಸದು, ಎರಡು ಬೋಳು ಇದ್ರೆ ಮಧ್ಯದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಕೆಲಸ ಮಾಡ್ತಾ ಇರತ್ತೆ. ಮೂರು, ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಅದನ್ನ ಬದಲಾಯಿಸಿದ ದಾಖಲೆ ಸರ್ವಿಸ್ ಬುಕ್‌ನಲ್ಲಿ ಕೇಳಿ. ನಾಲ್ಕು, 2009ರಲ್ಲಿ ನೋಂದಣಿ ಆದ ಗಾಡಿಗೆ 2024ಕ್ಕೆ 15 ವರ್ಷ ತುಂಬಿದೆ. ಆರ್‌ಸಿ ನವೀಕರಣ ಆಗಿದೆಯಾ ನೋಡಿ, ಇಲ್ಲದಿದ್ರೆ ಆ ಖರ್ಚು ನಿಮ್ಮ ತಲೆಗೆ.

ಇಷ್ಟೆಲ್ಲ ಹೇಳಿದ್ದು ಆ ಗಾಡಿನ ಬೈಯೋಕಲ್ಲ. ಕೆಟ್ಟ ರಸ್ತೆ, ಏಳು ಜನ, ಲಗೇಜು, ಮಳೆ, ಇಷ್ಟನ್ನೂ ಹೊತ್ಕೊಂಡು ವರ್ಷಗಟ್ಟಲೆ ಓಡಬೇಕು ಅಂತ ಎಂಜಿನಿಯರ್‌ಗಳು ಮಾಡಿದ ಗಾಡಿ ಅದು, ಆ ಕೆಲಸ ಚೆನ್ನಾಗಿ ಮಾಡತ್ತೆ. ಮನೇಲಿ ತಮ್ಮನೋ, ಅಣ್ಣನೋ, ಮಾವನ ಮಗನೋ ಈ ಗಾಡಿ ಓಡಿಸ್ತಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಹಿಂದಿನ ಸೀಟಲ್ಲೂ.