ಮೊಲವಿಲ್ಲದ ಓಟ

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಕೊಪ್ಪಳ ಜಿಲ್ಲೆಯ ಹನುಮಸಾಗರದ ಸುತ್ತಿನ ಹೊಲಗಳು ಬಯಲಾಗುತ್ತವೆ. ಗಜೇಂದ್ರಗಡದ ಕಡೆಗೆ ಗುಡ್ಡಗಳು, ಕೆಳಗೆ ಮಸಾರಿ ನೆಲ, ಅದರಾಚೆ ಎರೆ, ಅಲ್ಲಲ್ಲಿ ಜಾಲಿಯ ಕಂಟಿ. ಮೂಸಿ ಬೇಟೆ ಹುಡುಕುವ ನಾಯಿಗೆ ಪೊದೆ, ಕಾಡು ಒಗ್ಗುತ್ತದೆ. ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿಗೆ ಇಂಥ ಬಯಲೇ ಬೇಕು. ಇಳಕಲ್, ಬಾಗಲಕೋಟೆ ದಾಟಿದರೆ ಸಿಗುವ ಮುಧೋಳದ ಹೆಸರು ಹೊತ್ತ ನಾಯಿ ಈ ನೆಲಕ್ಕೆ ಹೇಳಿ ಮಾಡಿಸಿದ್ದು. ಹೆಗಲ ಮಟ್ಟಕ್ಕೆ ಸುಮಾರು 70 ಸೆಂಟಿಮೀಟರ್ ಎತ್ತರ, ಆಳವಾದ ಎದೆಗೂಡು, ಒಳಕ್ಕೆ ಸೇದಿಕೊಂಡ ಹೊಟ್ಟೆ, ಉದ್ದನೆಯ ಮೋರೆ. ಅದು ಓಡುವಾಗ ಪ್ರತಿ ನೆಗೆತದಲ್ಲೂ ನಾಲ್ಕೂ ಕಾಲುಗಳು ಎರಡು ಸಲ ನೆಲ ಬಿಟ್ಟಿರುತ್ತವೆ. ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಕಾಲುಗಳನ್ನು ಹೊಟ್ಟೆಯಡಿ ಕೂಡಿಸಿಕೊಂಡಾಗ ಒಮ್ಮೆ, ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಇನ್ನೊಮ್ಮೆ. ಕುದುರೆಯ ನಾಗಾಲೋಟದಲ್ಲಿ ಇದು ಒಂದೇ ಸಲ. ಈ ಸಾಮರ್ಥ್ಯ ತಲೆಮಾರುಗಳ ಆಯ್ಕೆಯಿಂದ ಬಂದದ್ದು. ಓಡಿದ ನಾಯಿಯ ಮರಿಯನ್ನು ಜನ ಉಳಿಸಿಕೊಂಡರು, ಓಡದ್ದರ ಮರಿಗೆ ಗಿರಾಕಿ ಇರಲಿಲ್ಲ. ಆ ಆಯ್ಕೆ ಈಗ ನಿಂತುಹೋಗಿದೆ. ಅದರ ಜಾಗಕ್ಕೆ ಏನು ಬರಬೇಕು ಎಂಬುದೇ ಇಲ್ಲಿನ ಮಾತು.

ಹೆಸರಿಗೆ ಕೊರತೆಯಿಲ್ಲ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ಜೋಡಿಯೊಂದನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು ಎಂಬುದು ಎಲ್ಲರ ಬಾಯಲ್ಲಿರುವ ಕಥೆ. (ಅದು 1937ರಲ್ಲಿ ಎಂದು ಹಲವರು ಬರೆಯುತ್ತಾರೆ, ಆದರೆ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡಿದ್ದ. ಇಸವಿಯನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದರೆ ಹೀಗಾಗುತ್ತದೆ.) 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿ ಕೊಡಲು ಮರಿಗಳನ್ನು ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲಿ ಹೆಸರು ಕೇಳಿಬಂತು. ಹೆಸರು ಬೆಳೆದಷ್ಟೂ ಬೇಡಿಕೆ ಬೆಳೆಯಿತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಮರಿ ಕೊಳ್ಳುವವರು ಫೋಟೊ ನೋಡುತ್ತಾರೆ, ಬಣ್ಣ ಕೇಳುತ್ತಾರೆ. ಅದರ ತಾಯಿ ಎರೆ ಹೊಲದಲ್ಲಿ ಹೇಗೆ ತಿರುಗುತ್ತಿತ್ತು ಎಂದು ಕೇಳುವವರು ಯಾರು? ಮಾರುವವರನ್ನು ದೂರಿ ಫಲವಿಲ್ಲ. ಮುಧೋಳದ ಸುತ್ತಿನ ನೂರಾರು ಕುಟುಂಬಗಳಿಗೆ ಈ ಮರಿಗಳೇ ಕೈಗಾಸು. ಗಿರಾಕಿ ಕೇಳಿದ್ದನ್ನು ಅವರು ಸಾಕುತ್ತಾರೆ.

ಹಿಂದೆ ನಾಯಿಯ ಗುಣ ಗೊತ್ತಾಗುತ್ತಿದ್ದದ್ದು ಬೇಟೆಯಲ್ಲಿ. ಆ ದಾರಿ ಮುಚ್ಚಿದೆ, ಮುಚ್ಚಿರುವುದೇ ಸರಿ. ಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಯುಗಾದಿಯ ಮಾರನೆಯ ದಿನದ ಬೇಟೆಯಾದರೂ ಅಷ್ಟೇ, ಊರ ದೇವರ ಹೆಸರಲ್ಲಾದರೂ ಅಷ್ಟೇ. ಹಿಡಿದು ತಂದ ಮೊಲವನ್ನು ಮೈದಾನದಲ್ಲಿ ಬಿಟ್ಟು ನಾಯಿ ಛೂ ಬಿಡುವುದಂತೂ ಇನ್ನೊಂದು ಅಪರಾಧ. ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದಕ್ಕೆ ಬಲಿಯಾಗಿ ಒಡ್ಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಉಳಿದದ್ದು ಜಾತ್ರೆಯ ನಾಯಿ ಓಟ. ಬಾಗಲಕೋಟೆ, ಬೆಳಗಾವಿ ಕಡೆ ಇದಕ್ಕೆ ಜನ ಕಿಕ್ಕಿರಿಯುತ್ತಾರೆ. ನೆಟ್ಟಗಿನ ದಾರಿ, ಒಂದು ಗೆರೆ, ಮೊದಲು ಮುಟ್ಟಿದವನಿಗೆ ಇನಾಮು. ನೋಡಲು ಖುಷಿ, ನಿಜ. ಆದರೆ ಅಲ್ಲಿ ಅಳೆಯುವುದು ವೇಗವೊಂದನ್ನೇ. ನಾಯಿ ಬುದ್ಧಿವಂತಿಕೆಯಿಂದ ತಿರುಗಿತೇ, ದಣಿದ ಮೇಲೂ ಬಿಡದೆ ಹೋಯಿತೇ, ಪಕ್ಕದ ನಾಯಿಯ ಮೇಲೆ ಬೀಳದೆ ತನ್ನ ಕೆಲಸ ನೋಡಿಕೊಂಡಿತೇ, ಕೊನೆಗೆ ಕರೆದಾಗ ಬಂತೇ ಎಂಬುದಕ್ಕೆ ಬೆಲೆಯಿಲ್ಲ.

ಸ್ಪರ್ಧೆಗೂ ಪರೀಕ್ಷೆಗೂ ಇರುವ ಅಂತರ ಇಲ್ಲೇ ಇದೆ. ಸ್ಪರ್ಧೆಯಲ್ಲಿ ನಿಮ್ಮ ನಾಯಿ ಗೆದ್ದರೆ ನನ್ನದು ಸೋತಂತೆ. ಪರೀಕ್ಷೆಯಲ್ಲಿ ಹಾಗಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಪಕ್ಕದ ಮನೆಯ ಹುಡುಗ ಪಾಸಾದರೆ ನಮ್ಮ ಹುಡುಗನ ಅಂಕ ಇಳಿಯುವುದಿಲ್ಲ. ಅಮೆರಿಕದಲ್ಲಿ ಬೇಟೆ ನಾಯಿಗಳ ಹವ್ಯಾಸಿಗಳು 1980ರ ದಶಕದಲ್ಲಿ ಇದನ್ನೇ ಹಿಡಿದು ಹೊರಟರು. ಅಲ್ಲಿನ ದೊಡ್ಡ ಪಂದ್ಯಗಳು ವೃತ್ತಿಪರ ತರಬೇತುದಾರರ ಪಾಲಾಗಿದ್ದವು; ದುಡಿದು ತಿನ್ನುವವನು ವಾರದ ರಜೆಯಲ್ಲಿ ತಾನೇ ಪಳಗಿಸಿದ ನಾಯಿಗೆ ಅಲ್ಲಿ ಜಾಗವಿರಲಿಲ್ಲ. ಆಗ ಹುಟ್ಟಿದ ಹೊಸ ಪರೀಕ್ಷೆಗಳಲ್ಲಿ ನಾಯಿಯನ್ನು ಇನ್ನೊಂದು ನಾಯಿಯೊಡನೆ ಹೋಲಿಸುವುದಿಲ್ಲ. ಬರೆದಿಟ್ಟ ಮಟ್ಟವೊಂದಿದೆ, ಅದನ್ನು ಮುಟ್ಟಿದ ನಾಯಿಗಳೆಲ್ಲ ಪಾಸು. ಆ ಪರೀಕ್ಷೆಗಳು ಹಕ್ಕಿ ಬೇಟೆಯ ನಾಯಿಗಳಿಗಾಗಿ ಹುಟ್ಟಿದವು, ಅವುಗಳಲ್ಲಿ ಕೋವಿ, ಹಕ್ಕಿ ಎಲ್ಲ ಇರುತ್ತವೆ. ಅವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ನಮಗೆ ಹೊಂದುವುದು ಕಣ್ಣೋಟದ ನಾಯಿಗಳಿಗೆ ಅಲ್ಲಿಯೇ ಇರುವ ಇನ್ನೊಂದು ಬಗೆ. ಹೊಲದ ಮೂಲೆಮೂಲೆಗೆ ನೆಲದ ಮಟ್ಟದಲ್ಲಿ ರಾಟೆ ಜಡಿದು, ಅವುಗಳ ಮೂಲಕ ಗಟ್ಟಿ ದಾರ ಹಾಯಿಸಿ, ದಾರಕ್ಕೆ ಬಿಳಿಯ ಪ್ಲಾಸ್ಟಿಕ್ ಚೀಲದ ಚೂರು ಕಟ್ಟುತ್ತಾರೆ. ಬ್ಯಾಟರಿಯ ಮೋಟಾರು ದಾರವನ್ನು ಎಳೆದಾಗ ಆ ಚೂರು ಮೊಲದಂತೆಯೇ ಸರ್ರನೆ ಹೋಗಿ, ರಾಟೆ ಬಂದಲ್ಲಿ ಥಟ್ಟನೆ ತಿರುಗುತ್ತದೆ. ಅಲ್ಲಿನ ಆರಂಭದ ಮಟ್ಟದ ಪರೀಕ್ಷೆಯಲ್ಲಿ ನಾಯಿ ಒಂಟಿಯಾಗಿ, ಕನಿಷ್ಠ 600 ಗಜ, ಅಂದರೆ ಸುಮಾರು 550 ಮೀಟರ್, ನಾಲ್ಕು ತಿರುವು ದಾಟಿ ಬೆನ್ನಟ್ಟಬೇಕು. ಹೀಗೆ ಎರಡು ಸಲ, ಇಬ್ಬರು ಬೇರೆ ಬೇರೆ ತೀರ್ಪುಗಾರರ ಮುಂದೆ. ಮೇಲಿನ ಹಂತದಲ್ಲಿ ಅಂಕ ಕೊಡುವ ಸಂಘವೂ ಒಂದಿದೆ, 1972ರದು. ಅದರ ನೂರು ಅಂಕದಲ್ಲಿ ವೇಗಕ್ಕೆ 25 ಮಾತ್ರ. ಚುರುಕಾಗಿ ತಿರುಗುವುದಕ್ಕೂ 25, ದಮ್ಮಿಗೆ 20, ಹುಮ್ಮಸ್ಸಿಗೆ 15, ಗುರಿ ಬಿಡದೆ ಹಿಂಬಾಲಿಸುವುದಕ್ಕೆ 15. ನಮ್ಮ ಜಾತ್ರೆಯ ಓಟ ಗಣನೆಗೇ ತೆಗೆದುಕೊಳ್ಳದ ಮುಕ್ಕಾಲು ಪಾಲು ಇಲ್ಲಿ ಲೆಕ್ಕಕ್ಕೆ ಬಂತು.

ಮನುಷ್ಯರ ನಡುವಿನ ನಂಟು ಬೆಳೆಯುವುದೂ ಈ ಏರ್ಪಾಟಿನಿಂದಲೇ. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ, ಲೆಕ್ಕ ಹಾಗಿದೆ. ಇನಾಮಿನ ಓಟದಲ್ಲಿ ತಿಳಿವಳಿಕೆ ಎಂಬುದು ಗುಟ್ಟು. ಏನು ತಿನ್ನಿಸಿದೆ, ಯಾವ ಗಂಡಿಗೆ ಕೂಡಿಸಿದೆ, ಹಿಂಗಾಲಿನ ನೋವಿಗೆ ಏನು ಕಟ್ಟಿದೆ ಎಂದು ಯಾರೂ ಬಾಯಿಬಿಡುವುದಿಲ್ಲ. ಪರೀಕ್ಷೆಯಲ್ಲಿ ಮುಚ್ಚಿಟ್ಟು ಸಿಗುವ ಲಾಭವೇ ಇಲ್ಲ. ಜತೆಗೆ ಒಬ್ಬನಿಂದ ನಡೆಯುವ ಕೆಲಸವೂ ಅಲ್ಲ. ದಾರ ಎಳೆಯಲು ಒಬ್ಬ, ರಾಟೆ ಕಾಯಲು ನಾಲ್ಕು ಜನ, ಓಟದ ಕೊನೆಯಲ್ಲಿ ನಾಯಿ ಹಿಡಿಯಲು ಇನ್ನೊಬ್ಬ. ತನ್ನ ನಾಯಿಯ ಸರದಿ ಬರುವವರೆಗೆ ಕುರಿಗಾರ ಇಳಕಲ್ಲಿನ ನೇಕಾರನ ನಾಯಿಗೆ ರಾಟೆ ಕಾಯಬೇಕು, ಕುರಿಗಾರನ ಸರದಿಗೆ ನೇಕಾರ. ಒಳ್ಳೆಯ ಮರಿ ಬೇಕೆನ್ನುವವನಿಗೆ ತನ್ನ ಹೆಣ್ಣುನಾಯಿಯ ಕೊರತೆಯನ್ನು ತುಂಬುವ ಗಂಡು ಬೇಕು. ತಿರುವಿನಲ್ಲಿ ಎಡವುವ ಹೆಣ್ಣಿಗೆ ತಿರುವಿನಲ್ಲಿ ಗಟ್ಟಿಯಾದ ಗಂಡು. ಆ ಕೊರತೆ ಎಲ್ಲರ ಕಣ್ಣೆದುರು ಬಯಲಾಗಿ, ಅದರಿಂದ ಯಾರಿಗೂ ಅವಮಾನವಾಗದಿದ್ದರೆ ಮಾತ್ರ ಈ ಮಾತುಕತೆ ಸಾಧ್ಯ. ಕೆಲಸವನ್ನೇ ಅಳೆದರೆ ಕೆಲಸದ ಗುಣ ಉಳಿಯುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕುರಿಗಾರರ ನಾಯಿಗಳು ಸಾಕ್ಷಿ. ವೇಲ್ಸಿನ ಬಾಲಾದಲ್ಲಿ 1873ರಲ್ಲಿ, ಬ್ರಿಟನ್ನಿನಲ್ಲಿ ಮೊದಲ ಬಾರಿಗೆ, ಕುರಿ ಅಟ್ಟುವ ನಾಯಿಗಳ ಪಂದ್ಯ ನಡೆಯಿತು. 1906ರಲ್ಲಿ ಕುರಿಗಾರರದೇ ಸಂಘ ಹುಟ್ಟಿತು. ಅಲ್ಲಿ ನಾಯಿಯ ಕಿವಿ ನಿಂತಿದೆಯೋ ಜೋತಿದೆಯೋ ಎಂದು ಕೇಳುವವರಿಲ್ಲ. ಮಂದೆಯೊಡನೆ ಅದರ ಕೆಲಸವಷ್ಟೇ ಮುಖ್ಯ. ಅಲ್ಲಿನ ಕುರಿನಾಯಿ ತಳಿ ಬಾರ್ಡರ್ ಕಾಲಿ ಇವತ್ತಿಗೂ ಕೆಲಸದ ನಾಯಿಯಾಗಿ ಉಳಿದಿರುವುದು ಅದರಿಂದಲೇ.

ಅದೂ ಪಂದ್ಯವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಒಪ್ಪಬೇಕು. ಜಿದ್ದು ಇಲ್ಲದೆ ಜನ ಸೇರುವುದಿಲ್ಲ ಎಂಬ ಮಾತೂ ಸುಳ್ಳಲ್ಲ. ದಾರಕ್ಕೆ ಕಟ್ಟಿದ ಚೀಲದ ಹಿಂದೆ ಒಂಟಿ ನಾಯಿ ಓಡುವುದನ್ನು ನೋಡಲು ಟ್ರ್ಯಾಕ್ಟರ್ ಹತ್ತಿ ಬರುವವರು ಕಡಿಮೆ. ಆದರೆ ಏನನ್ನು ಅಳೆಯುತ್ತೇವೋ ನಾಯಿ ಅದಾಗಿಯೇ ಬೆಳೆಯುತ್ತದೆ ಎಂಬುದಕ್ಕೆ ಗ್ರೇಹೌಂಡ್ ಉದಾಹರಣೆ. 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಂತ್ರದ ಮೊಲದ ಹಿಂದೆ ದುಂಡು ಹಾದಿಯಲ್ಲಿ ಓಡಿಸುವ ಪಂದ್ಯ ಶುರುವಾಯಿತು. ಅಲ್ಲಿಂದಾಚೆಗೆ ಹಾದಿಯ ಗ್ರೇಹೌಂಡ್, ಬಯಲಿನ ಗ್ರೇಹೌಂಡ್, ಪ್ರದರ್ಶನದ ಗ್ರೇಹೌಂಡ್ ಎಂದು ಒಂದೇ ತಳಿ ಮೂರು ಮೈಕಟ್ಟುಗಳಾಗಿ ಒಡೆದದ್ದು ಕಣ್ಣಿಗೇ ಕಾಣುತ್ತದೆ. ಜತೆಗೆ ಬಾಜಿ ಬಂತು, ಓಡಲಾಗದ ನಾಯಿಗಳನ್ನು ತ್ಯಜಿಸುವುದು ಬಂತು. ಮುಧೋಳ ನಾಯಿಗೆ ಈ ಗತಿ ಬೇಡವೆಂದರೆ ಜನಜಾತ್ರೆಯ ಆಸೆ ಬಿಡಬೇಕಾಗುತ್ತದೆ. ಇನಾಮೇ ಇಲ್ಲದ ಕಡೆ ಬಾಜಿ ಕಟ್ಟುವವನಿಗೆ ಕೆಲಸವಿಲ್ಲ.

ಬೇಟೆಯೇ ಬೇಡವಾದ ಮೇಲೆ ಬೇಟೆಯ ಗುಣ ಏಕೆ ಉಳಿಸಬೇಕು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಮನೆಗೊಂದು ಸಾಧು ನಾಯಿ ಸಾಕಲ್ಲ? ಸಾಕು, ಆದರೆ ಅದು ಈ ನಾಯಿಯಾಗಿರುವುದಿಲ್ಲ. ಆ ಎದೆಗೂಡು, ಆ ಕಣ್ಣು, ಆ ಓಟ ಒಂದಕ್ಕೊಂದು ಹೆಣೆದುಕೊಂಡಿವೆ. ಓಟ ಕಿತ್ತರೆ ಉಳಿಯುವುದು ಸೊರಗಿದಂತೆ ಕಾಣುವ ಬೇಸತ್ತ ಪ್ರಾಣಿ. ಅಲ್ಲದೆ ನಮ್ಮಲ್ಲಿ ಬೇಟೆ ನಾಯಿಯನ್ನು ಬರೀ ಮಾಂಸದ ಸಾಧನವೆಂದು ನೋಡಿದವರೇ ಕಡಿಮೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಗೆದ್ದ ಪಡೆಯಲ್ಲಿ ಕಾದಾಡಿದ ಮಣಲೇರನಿಗೆ ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಬರೆಸಿದರು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಾಮ್ರಾಜ್ಯದ ಗೆಲುವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ. ಮೈಲಾರಲಿಂಗನ ಒಕ್ಕಲಿನ ಈ ಸೀಮೆಯಲ್ಲಿ, ನಾಯಿಯನ್ನು ದೇವರ ಪರಿವಾರದಲ್ಲಿ ಕಂಡ ಜನರಿಗೆ ಇದು ವಿಚಿತ್ರವಾಗಿ ತೋರಬೇಕಿಲ್ಲ.

ಪ್ರಾಣಿದಯೆಯವರ ತಕರಾರನ್ನು ತಳ್ಳಿಹಾಕುವಂತಿಲ್ಲ. ಕಂಬಳಕ್ಕೂ ಎತ್ತಿನ ಓಟಕ್ಕೂ ರಾಜ್ಯ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ನಾಯಿ ಓಟಕ್ಕೆ ಆ ರಕ್ಷಣೆಯಿಲ್ಲ. ಹಾಗಾಗಿ ನಾಯಿಗೆ ಹಿಂಸೆಯಾಗದಂತೆ ನಡೆಸುವುದು ಸಜ್ಜನಿಕೆಯಷ್ಟೇ ಅಲ್ಲ, ಕಾನೂನಿನ ಅಗತ್ಯವೂ ಹೌದು. ನಾಯಿ ಮೈ ತಣಿಸಿಕೊಳ್ಳುವುದು ಬಹುಮಟ್ಟಿಗೆ ಬೆವರಿ ಅಲ್ಲ, ತೇಕಿ. ಪೂರ್ಣ ವೇಗದ ಓಟದಲ್ಲಿ ಅದರ ಮೈಕಾವು 41 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಕೊಪ್ಪಳದ ಮಾರ್ಚ್ ಬಿಸಿಲಲ್ಲಿ ಹತ್ತು ಗಂಟೆಯ ಮೇಲೆ ಓಡಿಸುವುದು ಕೊಲ್ಲುವುದಕ್ಕೆ ಸಮ. ಇನ್ನೊಂದು ಮಾತು ಈ ಜಿಲ್ಲೆಗೇ ಸೇರಿದ್ದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳ ಧಾಮವಿದೆ. ಹುಚ್ಚುನಾಯಿ ರೋಗ, ಡಿಸ್ಟೆಂಪರ್ ಎರಡೂ ನಾಯಿಯಿಂದ ತೋಳಕ್ಕೆ ದಾಟುತ್ತವೆ. ಲಸಿಕೆಯ ಚೀಟಿ ಇಲ್ಲದ ನಾಯಿಯನ್ನು ಹೊಲಕ್ಕೇ ಬಿಟ್ಟುಕೊಳ್ಳಬಾರದು. ಇಂಥ ಕಟ್ಟುಪಾಡನ್ನು ಇನಾಮಿನ ಗದ್ದಲದಲ್ಲಿ ಪಾಲಿಸುವುದು ಕಷ್ಟ. ಇಪ್ಪತ್ತು ಮೂವತ್ತು ಪರಿಚಿತ ಮುಖಗಳ ನಡುವೆ ಸುಲಭ.

ದೊಡ್ಡ ಖರ್ಚೇನೂ ಇಲ್ಲ. ರಾಶಿ ಮುಗಿದ ಹೊಲಗಳು ಮುಂಗಾರು ಬಿತ್ತನೆಯವರೆಗೆ ಖಾಲಿ. ರಾಟೆ, ದಾರ, ಮೋಟಾರು ಹನುಮಸಾಗರದ ಬಾವಿ-ಬೋರಿನ ಮೆಕ್ಯಾನಿಕ್‌ಗೆ ಹೊಸತಲ್ಲ. ಮಟ್ಟವನ್ನು ಬರೆದುಕೊಡಲು ತಿಮ್ಮಾಪುರದ ಕೇಂದ್ರಕ್ಕಿಂತ ತಕ್ಕ ಸಂಸ್ಥೆ ಇಲ್ಲ. ಫಲಿತಾಂಶವನ್ನು ಮರಿಯ ವಂಶಾವಳಿಯೊಡನೆ ದಾಖಲಿಸುವ ಕೆಲಸವೂ ಅದಕ್ಕೇ ಒಪ್ಪುತ್ತದೆ. ‘ತಂದೆ ತಾಯಿ ಎರಡೂ ಪಾಸು’ ಎಂಬ ಚೀಟಿಯೊಡನೆ ಬರುವ ಮರಿಗೆ ಪೇಟೆಯ ಗಿರಾಕಿ ಹೆಚ್ಚು ಕೊಟ್ಟಾನು, ಅದರಿಂದ ಸುಳ್ಳು ಚೀಟಿಯ ದಂಧೆಯೂ ಹುಟ್ಟೀತು. ಇದಕ್ಕೆ ಪೂರಾ ಮದ್ದಿಲ್ಲ. ಓಟ ಎಲ್ಲರೆದುರು ನಡೆಯಬೇಕು, ಅಂಕವನ್ನು ಅಲ್ಲೇ ಕೂಗಿ ಹೇಳಬೇಕು, ತೀರ್ಪುಗಾರರಲ್ಲಿ ಒಬ್ಬರಾದರೂ ಬೇರೆ ತಾಲ್ಲೂಕಿನವರಾಗಿರಬೇಕು. ತನ್ನ ಮನೆಯ ನಾಯಿಯ ಮರಿ ಓಡುವ ದಿನ ಯಾರೂ ತೀರ್ಪುಗಾರನ ಕುರ್ಚಿಯಲ್ಲಿ ಕೂರಬಾರದು. ಅವನು ಬೇಕಾದರೆ ರಾಟೆ ಕಾಯಲಿ.