ಗಾಲಿಯ ಮೇಲಿನ ಮನೆಯೂ ಚಾರ್ಮಾಡಿಯ ಇಳಿಜಾರೂ

ಪ್ರವಾಸ ಹೋಗುವುದು ಬೇರೆ, ಊರಿಗೆ ಹೋಗುವುದು ಬೇರೆ. ಪ್ರವಾಸಕ್ಕೆ ಹೊರಟವರು ನಡೆಯಲಾರದವರನ್ನು ಮನೆಯಲ್ಲಿ ಬಿಟ್ಟು ಹೋಗಬಹುದು. ಊರಿಗೆ ಹೊರಟಾಗ ಹಾಗೆ ಮಾಡುವಂತಿಲ್ಲ. ಅನೇಕ ವೇಳೆ ಆ ನಡೆಯಲಾರದವರಿಗಾಗಿಯೇ ಹೊರಡಬೇಕಾಗುತ್ತದೆ. ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿರುವ ನಮ್ಮ ಜಿಲ್ಲೆಯ ಕುಟುಂಬಗಳು ತಂಬಿಲಕ್ಕೆಂದೋ ಮದುವೆಗೆಂದೋ ಮೂರು ನಾಲ್ಕು ತಲೆಮಾರಿನವರನ್ನು ಒಂದೇ ಗಾಡಿಯಲ್ಲಿ ತುಂಬಿಕೊಂಡು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಅಂಥದೊಂದು ಗಾಡಿಯಲ್ಲಿ ನಾನೂ ಬೆಂಗಳೂರಿನಿಂದ ಲಾಯಿಲಕ್ಕೆ ಬಂದೆನು. ಆ ನೆಪದಿಂದ ಇಂಥ ಪ್ರಯಾಣದ ಕೆಲವು ಸಂಗತಿಗಳನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲೆತ್ನಿಸುತ್ತೇನೆ.

ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗುವ ಪದ್ಧತಿ ಹೊಸದೇನೂ ಅಲ್ಲ. ನಮ್ಮ ಹಿರಿಯರು ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಪಾತ್ರೆ ಪಡಗ ಹೇರಿಕೊಂಡು, ದಾರಿಯಲ್ಲಿ ಗಂಜಿ ಬೇಯಿಸಿಕೊಂಡು ಹೋಗುತ್ತಿದ್ದರು. ಬೇಕಾಗಿ ಮಾಡಿದ್ದಲ್ಲ, ಗತ್ಯಂತರವಿಲ್ಲದೆ ಮಾಡಿದ್ದು. ಅದನ್ನೇ ವಿನೋದಕ್ಕಾಗಿ ಮಾಡಿದವನು ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ. 1885ರಲ್ಲಿ ಅವನು ಕುದುರೆಗಳು ಎಳೆಯುವ ‘ವಾಂಡರರ್’ ಎಂಬ ಮನೆಗಾಡಿಯನ್ನು ಮಾಡಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು. ಮೋಟಾರು ಬಂದ ಮೇಲೆ ಅಮೆರಿಕದಲ್ಲಿ ಈ ಹವ್ಯಾಸ ಬಹಳವಾಗಿ ಬೆಳೆಯಿತು. ನಮ್ಮ ನೆರೆಯ ಕೇರಳ ಸರಕಾರವು 2021ರಲ್ಲಿ ‘ಕ್ಯಾರವಾನ್’ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಮಲಗಲು ಮಂಚ, ಅಡಿಗೆಯ ಒಲೆ, ತಣ್ಣನೆಯ ಪೆಟ್ಟಿಗೆ, ಶೌಚದ ಕೋಣೆ ಇವೆಲ್ಲವೂ ಆ ಗಾಡಿಯೊಳಗೇ ಇರುತ್ತವೆ.

ನಮ್ಮ ಮನೆಯವರೂ ಅಂಥ ಗಾಡಿಯೊಂದನ್ನು ಬಾಡಿಗೆಗೆ ಹಿಡಿಯೋಣವೆಂದು ಯೋಚಿಸದೆ ಇರಲಿಲ್ಲ. ಕಾರಣ ನಮ್ಮ ಅಜ್ಜಿ. ಅವರಿಗೆ ಎಂಬತ್ತೆರಡು ವರ್ಷ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ದೊಡ್ಡಮ್ಮನ ಮನೆಗೆ ಹೋದವರು ಅಲ್ಲಿಯೇ ಉಳಿದುಬಿಟ್ಟಿದ್ದರು. ಊರಿನ ಮನೆಯ ತಂಬಿಲಕ್ಕೆ ಎರಡು ವರ್ಷ ಬರಲಾಗಲಿಲ್ಲ. ರೈಲಿನಲ್ಲಿ ಕರೆತರೋಣವೆಂದರೆ ಬೆಳ್ತಂಗಡಿ ತಾಲೂಕಿನಲ್ಲಿ ಒಂದು ರೈಲು ನಿಲ್ದಾಣವೂ ಇಲ್ಲ. ಬಂಟ್ವಾಳದಲ್ಲಿಯೋ ಪುತ್ತೂರಿನಲ್ಲಿಯೋ ಇಳಿದು ಪುನಃ ಮೋಟಾರು ಹತ್ತಬೇಕು. ಆದಕಾರಣ ರಸ್ತೆಯೇ ಗತಿ.

ಆದರೆ ಮನೆಗಾಡಿಯ ಬಾಡಿಗೆ ನಮ್ಮ ಶಕ್ತಿಗೆ ಮೀರಿದ್ದಾಗಿತ್ತು. ಅಲ್ಲದೆ ಹೆದ್ದಾರಿಯಿಂದ ನಮ್ಮ ಮನೆಗೆ ಹೋಗುವ ದಾರಿ ಎರಡು ಕಡೆಯೂ ಅಗಳಿರುವ ಓಣಿ; ಎರಡು ಆಟೋರಿಕ್ಷಾಗಳು ಎದುರಾದರೆ ಒಂದು ಹಿಂದೆ ಸರಿಯಬೇಕು. ಕೊನೆಗೆ ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರನ್ನು ಗೊತ್ತುಮಾಡಿದರು. ಅಜ್ಜಿ, ಅವರ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ಮೊಮ್ಮಕ್ಕಳು, ಮೂರು ವರ್ಷದ ಮರಿಮಗಳು, ಒಟ್ಟು ಹನ್ನೊಂದು ಜನ.

ಬೆಳಿಗ್ಗೆ ಐದಕ್ಕೆ ಹೊರಟೆವು. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ, ಇದು ದಾರಿ. ಸುಮಾರು ಮುನ್ನೂರು ಕಿಲೋಮೀಟರು. ಹಾಸನದವರೆಗೆ ಹೇಳತಕ್ಕದ್ದು ಹೆಚ್ಚೇನೂ ಇಲ್ಲ, ಒಂದು ಸಂಗತಿಯ ಹೊರತು. ಅಜ್ಜಿ ಒಂದು ತೊಟ್ಟು ನೀರನ್ನೂ ಕುಡಿಯಲಿಲ್ಲ. “ಸ್ವಲ್ಪ ಕುಡಿಯಿರಿ ಅಜ್ಜಿ” ಎಂದರೆ, “ಘಟ್ಟ ಇಳಿದ ಮೇಲೆ ಕುಡಿಯುವಾ ಮಗಾ” ಎಂದರು. ಕಾರಣವನ್ನು ದೊಡ್ಡಮ್ಮ ಮೆಲ್ಲನೆ ತಿಳಿಸಿದರು. ಹಿಂದೊಮ್ಮೆ ಬರುವಾಗ ದಾರಿಯ ಹೋಟೆಲೊಂದರಲ್ಲಿ ಶೌಚಾಲಯಕ್ಕೆ ಬೀಗ ಹಾಕಿತ್ತಂತೆ. ಇನ್ನೊಂದರಲ್ಲಿ ನೆಲಮಟ್ಟದ ಪೀಠ, ಮೊಣಕಾಲು ಮಡಿಸಲಾಗದವರಿಗೆ ಅದಿದ್ದೂ ಇಲ್ಲದಂತೆ.

ಇದು ನಮ್ಮ ಅಜ್ಜಿಯೊಬ್ಬರ ಕಥೆಯಲ್ಲ. ದೂರ ಪ್ರಯಾಣದಲ್ಲಿ ನಮ್ಮ ಹೆಂಗಸರು, ವಿಶೇಷವಾಗಿ ಮುದುಕಿಯರು, ನೀರು ಬಿಟ್ಟು ಕೂರುವುದು ಮನೆಮನೆಯಲ್ಲಿಯೂ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಶರೀರಶಾಸ್ತ್ರದ ದೃಷ್ಟಿಯಿಂದ ಇದು ಅಪಾಯಕರ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಂದುತ್ತದೆ. ಮೈಯಲ್ಲಿ ನೀರು ಕಡಮೆಯಾದುದು ತಿಳಿಯುವುದೇ ಇಲ್ಲ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತಾಗ ರಕ್ತವು ಕಾಲುಗಳಲ್ಲಿ ನಿಧಾನವಾಗಿ ಹರಿಯುತ್ತದೆ, ಪಾದ ಊದುತ್ತದೆ. ಕೆಲವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವುದೂ ಉಂಟು. ನೀರು ಕುಡಿಯದಿದ್ದರೆ ಎದ್ದು ನಿಂತೊಡನೆ ತಲೆ ಸುತ್ತಬಹುದು. ಆದಕಾರಣ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಬೇಕೆಂದು ವೈದ್ಯರು ಹೇಳುತ್ತಾರೆ. ಇದನ್ನೆಲ್ಲ ಯೋಚಿಸಿದರೆ ಮನೆಗಾಡಿಯ ದೊಡ್ಡ ಉಪಕಾರ ಮಂಚವೂ ಅಲ್ಲ, ಒಲೆಯೂ ಅಲ್ಲ, ಆ ಮೂಲೆಯ ಪುಟ್ಟ ಶೌಚದ ಕೋಣೆ ಎಂದೇ ನನ್ನ ಅಭಿಪ್ರಾಯ. ಜಾಹೀರಾತುಗಳಲ್ಲಿ ಮಾತ್ರ ಮಂಚದ ಚಿತ್ರವನ್ನೇ ತೋರಿಸುತ್ತಾರೆ!

ಹಾಸನದಲ್ಲಿ ಪರಿಚಿತರ ಮನೆಯೊಂದಿತ್ತು. ಅಲ್ಲಿ ಇಳಿದು ಒಂದು ಗಂಟೆ ಕಳೆದೆವು. ಅಜ್ಜಿ ಅಲ್ಲಿ ಎರಡು ಲೋಟ ಮಜ್ಜಿಗೆ ಕುಡಿದರು. ಎಲ್ಲರಿಗೂ ನಡುದಾರಿಯಲ್ಲಿ ಪರಿಚಿತರ ಮನೆ ಇರುವುದಿಲ್ಲವಷ್ಟೆ.

ಇನ್ನು ಘಟ್ಟದ ವಿಚಾರ. 1956ರ ನವೆಂಬರ್ 1ರವರೆಗೆ ಕೊಟ್ಟಿಗೆಹಾರ ಮೈಸೂರು ಸೀಮೆಯದು, ಚಾರ್ಮಾಡಿ ಮದರಾಸಿನದು. ಘಟ್ಟ ಹತ್ತುವುದೆಂದರೆ ರಾಜ್ಯವನ್ನೇ ದಾಟುವುದಾಗಿತ್ತು. ಆದರೂ ನಮ್ಮ ಕಡೆಯ ಜನ ಕಾಫಿ ತೋಟಗಳ ಕೂಲಿಗಾಗಿ ಘಟ್ಟ ಹತ್ತುತ್ತಿದ್ದರು, ಕೆಲಸ ಮುಗಿದ ಮೇಲೆ ಇಳಿಯುತ್ತಿದ್ದರು. 2019ರ ಆಗಸ್ಟಿನ ಮಳೆಗೆ ಗುಡ್ಡ ಅನೇಕ ಕಡೆಗಳಲ್ಲಿ ಕುಸಿದು ಈ ದಾರಿ ಮುಚ್ಚಿಹೋಗಿತ್ತು. ಅದರ ಹಿಂದಿನ ವರ್ಷ ಶಿರಾಡಿಯ ದಾರಿಗೂ ಅದೇ ಅವಸ್ಥೆ. ಮಳೆಗಾಲದಲ್ಲಿ ಮುದುಕರನ್ನು ಕರೆದುಕೊಂಡು ಹೊರಡಲು ನಮ್ಮವರು ಹಿಂಜರಿಯುವುದು ಸುಮ್ಮನೆ ಅಲ್ಲ.

ಇಳಿಯುವಾಗ ಚಾಲಕನು ಗಾಡಿಯನ್ನು ಎರಡನೆಯ ಗೇರಿನಲ್ಲಿಯೇ ಇಟ್ಟನು. ಇಂಜಿನು ಗುಂಯ್‌ಗುಟ್ಟಿತು. “ಬ್ರೇಕಿಲ್ಲವೇ ಇವನಿಗೆ?” ಎಂದು ಮಾವ ಹಿಂದಿನಿಂದ ಗೊಣಗಿದರು. ಚಾಲಕನ ಪರವಾಗಿ ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಜನ, ಸಾಮಾನು ಸೇರಿ ಗಾಡಿಯ ತೂಕ ನಾಲ್ಕು ಟನ್ನು, ಇಳಿಯುವ ಎತ್ತರ 700 ಮೀಟರು ಎಂದಿಟ್ಟುಕೊಳ್ಳೋಣ. ಅಷ್ಟು ಭಾರ ಅಷ್ಟು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಎಂಬತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ನಮ್ಮ ಬಚ್ಚಲಿನ ದೊಡ್ಡ ಹಂಡೆ ತುಂಬ ನೀರು! ಬರಿಯ ಬ್ರೇಕನ್ನೇ ತುಳಿಯುತ್ತ ಇಳಿದರೆ ಆ ಶಾಖದ ಬಹುಭಾಗ ಅಂಗೈಯಗಲದ ಬ್ರೇಕಿನ ಪಟ್ಟಿಗಳಲ್ಲಿಯೇ ಹುಟ್ಟುತ್ತದೆ. ಅವು ಕಾದು ಹಿಡಿತ ತಪ್ಪುತ್ತವೆ. ಬ್ರೇಕಿನ ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ಸೇರಿ ಕಾಲಿಟ್ಟ ಪೆಡಲು ಮೆತ್ತಗೆ ಕುಸಿಯುತ್ತದೆ. ಕೆಳಗಿನ ಗೇರಿನಲ್ಲಿಟ್ಟರೆ ಇಂಜಿನ್ನೇ ಗಾಲಿಯನ್ನು ತಡೆದು ಹಿಡಿದು, ಆ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಮನೆಗಾಡಿಯಾದರೆ ನೂರೈವತ್ತು ಲೀಟರು ನೀರು, ಎಂದರೆ ನೂರೈವತ್ತು ಕಿಲೋ, ಮೇಲಿಂದ ಸೇರುತ್ತಿತ್ತು.

ತಿರುವುಗಳಲ್ಲಿ ಮೊದಲು ವಾಂತಿ ಮಾಡಿದವಳು ಮೂರು ವರ್ಷದ ಮಗುವಲ್ಲ, ಮೊಬೈಲು ನೋಡುತ್ತಿದ್ದ ನನ್ನ ಚಿಕ್ಕಮ್ಮನ ಮಗಳು. ಒಳಕಿವಿಯಲ್ಲಿರುವ ದ್ರವವು ‘ತಿರುಗುತ್ತಿದ್ದೇವೆ’ ಎನ್ನುತ್ತದೆ; ಮೊಬೈಲಿನ ಮೇಲಿರುವ ಕಣ್ಣು ‘ಇಲ್ಲ, ಸ್ಥಿರವಾಗಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಿಂದ ಹೊಟ್ಟೆ ತೊಳಸುತ್ತದೆ. ದೂರದ ರಸ್ತೆಯನ್ನು ನೋಡುತ್ತಿರುವವರಿಗೆ ಬಾಧೆ ಕಡಮೆ. ಚಾಲಕರಿಗೆ ಬರುವುದೇ ಅಪರೂಪ. ಅವಳನ್ನು ಮುಂದೆ ಕೂರಿಸಿ, ಕೈಗೊಂದು ಲಿಂಬೆಹಣ್ಣು ಕೊಟ್ಟದ್ದಾಯಿತು. ಮಗುವಿಗೆ ಕಿವಿನೋವು. 700 ಮೀಟರು ಇಳಿಯುವಷ್ಟರಲ್ಲಿ ಗಾಳಿಯ ಒತ್ತಡ ನೂರಕ್ಕೆ ಎಂಟರಷ್ಟು ಏರುತ್ತದೆ; ನುಂಗಿದಾಗ ಗಂಟಲಿನ ನಾಳ ತೆರೆದು ಕಿವಿಯ ಒಳಹೊರಗಿನ ಒತ್ತಡ ಸಮವಾಗುತ್ತದೆ. ಚೀಪಲು ಬೆಲ್ಲ ಕೊಟ್ಟ ಅಜ್ಜಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಮದ್ದು ಗೊತ್ತಿತ್ತು.

ಘಟ್ಟದ ನಡುವಣ ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ಗಾಡಿ ನಿಂತಿತು. ಅಜ್ಜಿ ಸೀಟಿನಿಂದಲೇ ಕೈಮುಗಿದರು. ಕಕ್ಕಿಂಜೆ, ಮುಂಡಾಜೆ ದಾಟಿ ನಿಡಿಗಲ್ಲಿನ ಸೇತುವೆಗೆ ಬರುವಷ್ಟರಲ್ಲಿ ಸೆಕೆಗೆ ಎಲ್ಲರ ಸ್ವೆಟರುಗಳೂ ಚೀಲ ಸೇರಿದ್ದವು. ಅಲ್ಲಿ ಅಜ್ಜಿ ನೀರು ಕೇಳಿ ಕುಡಿದರು. ಉಜಿರೆ ಕಳೆದು ಲಾಯಿಲಕ್ಕೆ ಬಂದಾಗ ಕತ್ತಲಾಗಿರಲಿಲ್ಲ. ಓಣಿಯ ಬಾಯಲ್ಲಿ ಟ್ರಾವೆಲರೂ ಒಳಗೆ ಹೋಗಲಾರದೆ ನಿಂತಿತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋದೆವು.

ತಂಬಿಲ ಮುಗಿದ ಮೂರನೆಯ ದಿನ ಗಾಡಿ ಬೆಂಗಳೂರಿಗೆ ಹಿಂತಿರುಗಬೇಕಿತ್ತು. ಅಜ್ಜಿ ಬರುವುದಿಲ್ಲವೆಂದರು. ಔಷಧಿಯೇನು, ವೈದ್ಯರೇನು ಎಂದು ದೊಡ್ಡಮ್ಮ ಅತ್ತು ಕರೆದು ಹೇಳಿದರು. ಇನ್ನೊಮ್ಮೆ ಆ ದಾರಿ ತನ್ನಿಂದಾಗದು ಎಂದಷ್ಟೇ ಅಜ್ಜಿಯ ಉತ್ತರ. ಮಾವ ಬಚ್ಚಲಿಗೆ ಎತ್ತರದ ಪೀಠವನ್ನೂ ಗೋಡೆಗೊಂದು ಹಿಡಿಯನ್ನೂ ಮಾಡಿಸಿ ಕೊಟ್ಟು ಹೊರಟರು. ಕಾಲೇಜಿಗೆ ಹತ್ತಿರವಾಗುವುದರಿಂದ ನಾನೀಗ ಅಜ್ಜಿಯ ಜೊತೆಯಲ್ಲಿಯೇ ಇದ್ದೇನೆ.