ಕೊಲೆಗಾರ ಯಾರೆಂದು ಗೊತ್ತಾದ ಮೇಲೆ

ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಮಳಗಿ ದಾಟಿದ ಮೇಲೆ ಹೊರಗಿನ ನೋಟ ನಿಧಾನಕ್ಕೆ ಬದಲಾಗುತ್ತದೆ. ಹಿಂದೆ ಬಿಟ್ಟು ಬಂದದ್ದು ಕಾಡು, ಅಡಿಕೆ ತೋಟ, ಕೆಂಪು ಮಣ್ಣು. ಮುಂಡಗೋಡ ಕಳೆದು ಬಯಲಿಗಿಳಿದು ಹುಬ್ಬಳ್ಳಿ ಸಮೀಪಿಸಿದರೆ ಕಪ್ಪು ಎರೆಭೂಮಿ. ಪತ್ತೇದಾರಿ ಕಥೆ ಬರೆಯುವವರಿಗೆ ಇಷ್ಟು ಸಾಕು. “ನಾನು ಮೊನ್ನೆಯಿಂದ ಶಿರಸಿ ಬಿಟ್ಟು ಎಲ್ಲೂ ಹೋಗಿಲ್ಲ ಸಾರ್” ಎನ್ನುವವನ ಬೈಕಿನ ಮಡ್‌ಗಾರ್ಡಿನ ಒಳಗೆ ಕರಿಮಣ್ಣು ಅಂಟಿಕೊಂಡಿದ್ದರೆ ಕಥೆ ಶುರುವಾಯಿತು.

ಈ ವಿದ್ಯೆಗೆ ಹೆಸರಾದವನು ಷರ್ಲಾಕ್ ಹೋಮ್ಸ್. ಅವನು ಮೊದಲು ಕಾಣಿಸಿಕೊಂಡ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ (1887) ಕಾದಂಬರಿಯಲ್ಲಿ ಡಾಕ್ಟರ್ ವಾಟ್ಸನ್ ತನ್ನ ಹೊಸ ಜೊತೆಗಾರನಿಗೆ ಏನೇನು ಗೊತ್ತು, ಏನೇನು ಗೊತ್ತಿಲ್ಲ ಎಂದು ಪಟ್ಟಿ ಮಾಡುತ್ತಾನೆ. ಪ್ಯಾಂಟಿಗೆ ಸಿಡಿದ ಕೆಸರಿನ ಬಣ್ಣ ನೋಡಿಯೇ ಅದು ಲಂಡನ್ನಿನ ಯಾವ ಭಾಗದ್ದೆಂದು ಹೋಮ್ಸ್ ಹೇಳಬಲ್ಲ. ಸಾಹಿತ್ಯದ ತಿಳಿವಳಿಕೆ ಮಾತ್ರ ಸೊನ್ನೆ. ಹೋಮ್ಸ್‌ಗೆ ಕೊಟ್ಟ ಆ ಸೊನ್ನೆಯನ್ನು ಆಮೇಲೆ ಬಹಳ ಮಂದಿ ಪತ್ತೇದಾರಿ ಕಥೆಗಳಿಗೇ ಕೊಟ್ಟುಬಿಟ್ಟರು. ಇಷ್ಟಪಟ್ಟು ಓದುವವರು ಕೂಡ “ಹೊತ್ತು ಹೋಗಲಿ ಅಂತ” ಎಂದು ಸಂಕೋಚದಿಂದಲೇ ಹೇಳುವುದು ಈಗಲೂ ಇದೆ. ಆ ಸಂಕೋಚ ಬೇಕಾಗಿಲ್ಲ. ಹಾಗೆಂದು ರೋಮಾಂಚನವಾದದ್ದೆಲ್ಲ ಒಳ್ಳೆಯ ಸಾಹಿತ್ಯವೂ ಅಲ್ಲ. ಖುಷಿಯಿಂದ ಓದುತ್ತಲೇ ತೂಗಿ ನೋಡಬಹುದು. ಅದಕ್ಕೆ ಈ ಕಥೆಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದು ಗೊತ್ತಿರಬೇಕು.

ಪತ್ತೇದಾರಿ ಕಥೆಯೊಳಗೆ ಎರಡು ಕಥೆಗಳಿರುತ್ತವೆ ಎಂದು ತ್ಸ್ವೆತಾನ್ ತೊದೊರೊವ್ ಎಂಬ ವಿಮರ್ಶಕ 1966ರಲ್ಲಿ ಬರೆದ. ಒಂದು ಅಪರಾಧದ ಕಥೆ. ಪುಸ್ತಕ ತೆರೆಯುವ ಹೊತ್ತಿಗೆ ಅದು ನಡೆದು ಮುಗಿದಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ತನಿಖೆಯ ಕಥೆ. ನಾವು ಓದುವುದು ಇದನ್ನು, ಕಟ್ಟಿಕೊಳ್ಳಬೇಕಾದದ್ದು ಅದನ್ನು. ಲೇಖಕನ ಕೈಚಳಕವೆಲ್ಲ ಮೊದಲ ಕಥೆಯ ಚೂರುಗಳನ್ನು ಎರಡನೆಯದರಲ್ಲಿ ಎಲ್ಲಿ, ಯಾವ ಹೊತ್ತಿಗೆ, ಯಾವ ಮಾತಿನ ಮರೆಯಲ್ಲಿ ಇಡುತ್ತಾನೆ ಎಂಬುದರಲ್ಲಿದೆ.

ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ಸಿಲ್ವರ್ ಬ್ಲೇಜ್’ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೇಸಿನಲ್ಲಿ ಗೆಲ್ಲಲಿದೆ ಎಂದು ಎಲ್ಲರೂ ನಂಬಿದ ಕುದುರೆ ರಾತ್ರೋರಾತ್ರಿ ಲಾಯದಿಂದ ಮಾಯವಾಗಿದೆ. ಅದನ್ನು ಪಳಗಿಸುತ್ತಿದ್ದ ತರಬೇತುದಾರ ಬಯಲಿನಲ್ಲಿ ಹೆಣವಾಗಿ ಸಿಕ್ಕಿದ್ದಾನೆ. ಕಾವಲಿಗಿದ್ದ ಹುಡುಗನಿಗೆ ಊಟದಲ್ಲಿ ಅಫೀಮು ಹಾಕಿ ಮಲಗಿಸಲಾಗಿತ್ತು. ಆ ಸಂಜೆ ಲಾಯದ ಬಳಿ ಸುಳಿದಾಡಿದ ಪರಸ್ಥಳದವನೊಬ್ಬನನ್ನು ಪೊಲೀಸರು ಹಿಡಿದಿದ್ದಾರೆ. ಇಲ್ಲಿ ರಾತ್ರಿ ನಾಯಿ ಬೊಗಳಲಿಲ್ಲ ಎಂಬ ಸುಳಿವು ಜಗತ್ಪ್ರಸಿದ್ಧ. ಅದಕ್ಕಿಂತ ನನಗೆ ಇಷ್ಟವಾದದ್ದು ಊಟದ ಸುಳಿವು. ಅವತ್ತು ಆ ಹುಡುಗನಿಗೆ ಕಳಿಸಿದ್ದು ಮಸಾಲೆ ಹಾಕಿದ ಕುರಿಮಾಂಸ. ಓದುವಾಗ ಅದು ಬರೀ ಅಡಿಗೆಯ ವಿವರ ಎನಿಸಿ ಕಣ್ಣು ಮುಂದೆ ಹೋಗಿಬಿಡುತ್ತದೆ. ಹೋಮ್ಸ್ ಅಲ್ಲೇ ನಿಲ್ಲುತ್ತಾನೆ. ಅಫೀಮಿಗೆ ಅದರದ್ದೇ ರುಚಿಯಿದೆ. ಸಪ್ಪೆ ಊಟದಲ್ಲಿ ಬೆರೆಸಿದ್ದರೆ ಹುಡುಗ ಮೊದಲ ತುತ್ತಿಗೇ ತಟ್ಟೆ ಸರಿಸುತ್ತಿದ್ದ. ಅದನ್ನು ಮುಚ್ಚಬಲ್ಲದ್ದು ಖಾರದ ಮಸಾಲೆ. ಅಫೀಮು ಹಾಕಬೇಕಾದ ರಾತ್ರಿಯೇ ಆ ಮನೆಯಲ್ಲಿ ಮಸಾಲೆ ಅಡಿಗೆಯಾಗುವಂತೆ ಹೊರಗಿನವನು ಮಾಡಲಾರ. ಅಂದಮೇಲೆ ಆ ಅಡಿಗೆ ಹೇಳಿ ಮಾಡಿಸಬಲ್ಲವರು ಯಾರು? ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ಕಥೆಯನ್ನೇ ಓದಿ. ಮಸಾಲೆಯ ವಿಷಯ ಮೊದಲಿನಿಂದಲೂ ನಮ್ಮ ಕಣ್ಣೆದುರೇ ಇತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಹೋಮ್ಸ್‌ಗೆ ಸಿಕ್ಕ ಊಟದ ವಿವರ ನಮಗೂ ಸಿಕ್ಕಿತ್ತು, ನಾವು ಅದನ್ನು ಊಟ ಎಂದುಕೊಂಡೆವು.

ಈ ಪ್ರಾಮಾಣಿಕತೆಯನ್ನೇ ಆಮೇಲಿನವರು ನಿಯಮ ಮಾಡಿಕೊಂಡರು. ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದರು. ದೆವ್ವ, ದೈವಗಳು ಬಂದು ಗಂಟು ಬಿಡಿಸಬಾರದು, ಪತ್ತೇದಾರನನ್ನು ಅದೃಷ್ಟ ಕೈಹಿಡಿದು ಎತ್ತಬಾರದು, ಅವನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು. ನಮ್ಮ ಕಡೆ ಮನೆಯಲ್ಲಿ ಬಂಗಾರ ಕಳುವಾದರೆ ಪೊಲೀಸ್ ಸ್ಟೇಶನ್ನಿಗೆ ಹೋಗುವ ಮೊದಲು ದೇವರ ಮುಂದೆ ಹೂವಿನ ಪ್ರಸಾದ ಕೇಳುವವರಿದ್ದಾರೆ. ಕಥೆಯಲ್ಲಿ ಅದು ಬರಬಾರದೆಂದೇನಿಲ್ಲ. ಕಳೆದುಕೊಂಡವರ ತಳಮಳ ತೋರಿಸಲು ಅದಕ್ಕಿಂತ ಒಳ್ಳೆಯ ಸನ್ನಿವೇಶ ಸಿಗಲಿಕ್ಕಿಲ್ಲ. ಆದರೆ ಬಲಗಡೆಯ ಹೂ ಬಿದ್ದದ್ದರಿಂದಲೇ ಕಳ್ಳ ಸಿಕ್ಕಿಬಿಟ್ಟರೆ ಓದುಗರಿಗೆ ಮೋಸವಾದಂತೆ.

ಕನ್ನಡಕ್ಕೆ ಬಂದರೆ ಮೊದಲು ಹೇಳಬೇಕಾದ ಹೆಸರು ಎನ್. ನರಸಿಂಹಯ್ಯ (1925–2011). ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ಒಂದು ತಲೆಮಾರಿಗೆ ಮನೆಮಂದಿಯಷ್ಟೇ ಪರಿಚಿತರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ಇಂದು ಎಷ್ಟೋ ಮಂದಿಗೆ ಗೊತ್ತಿಲ್ಲ. ಅಕ್ಷರ ಕೂಡಿಸಿ ಓದಲು ಆಗತಾನೇ ಕಲಿತ ಸಾವಿರಾರು ಮಂದಿ ದಿನಬಾಡಿಗೆಯ ಲೈಬ್ರರಿಗಳಿಂದ ಇಂಥ ಪುಸ್ತಕಗಳನ್ನು ತಂದು ಓದಿದರು, ಓದುವ ಚಟ ಹಿಡಿಸಿಕೊಂಡರು, ಆಮೇಲೆ ಕಾರಂತ, ಕುವೆಂಪು ಅವರ ಕಡೆ ಹೋದರು. ಆ ಉಪಕಾರವನ್ನು ಕನ್ನಡ ವಿಮರ್ಶೆ ಇನ್ನೂ ಸರಿಯಾಗಿ ನೆನೆದಿಲ್ಲ ಎಂದೇ ನನ್ನ ಭಾವನೆ.

ಉಪಕಾರ ದೊಡ್ಡದು, ಆದರೆ ಪುಸ್ತಕದ ಗುಣವನ್ನು ಅದರಿಂದ ಅಳೆಯಲಾಗದು. ಆ ಕಾಲದ ಬಹುಪಾಲು ಕನ್ನಡ ಪತ್ತೇದಾರಿ ಕಾದಂಬರಿಗಳ ಬಲ ಅವುಗಳ ಓಟ: ಚಿಕ್ಕ ವಾಕ್ಯ, ಸಲೀಸಾದ ಮಾತು, ಅಧ್ಯಾಯ ಮುಗಿಯುವಲ್ಲೊಂದು ಆಪತ್ತು. ಸೋಲು ಸುಳಿವಿನ ವಿಷಯದಲ್ಲಿ. ಪತ್ತೇದಾರ ವೇಷ ಮರೆಸಿಕೊಂಡು ಎಲ್ಲಿಗೋ ಹೋಗಿ ಏನನ್ನೋ ಕಂಡುಕೊಂಡು ಬರುತ್ತಾನೆ, ಕಡೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸುತ್ತಾನೆ. ಅದು ನಮಗೆ ಗೊತ್ತಾಗುವುದೇ ಆಗ. ಓಟದ ಖುಷಿ ಸಿಕ್ಕಿತು, ಯೋಚಿಸುವ ಖುಷಿ ತಪ್ಪಿತು. ಓದಿ ಮುಗಿಸಿದ ಪುಸ್ತಕದ ಬಗ್ಗೆ ಇಷ್ಟನ್ನು ಬಿಡಿಸಿ ಹೇಳಬಲ್ಲವರು ಆಗಲೇ ವಿಮರ್ಶೆ ಮಾಡುತ್ತಿದ್ದಾರೆ.

ಬಿಡಿಸಿ ಹೇಳುವುದಕ್ಕೆ ನಾನು ನೆಚ್ಚಿಕೊಂಡ ದಾರಿ ಎರಡನೆಯ ಓದು. ಮೊದಲ ಸಲ ತಡೆಯಿಲ್ಲದೆ ಓದಬೇಕು, ತೂಗಲು ಹೋಗಬಾರದು. ಮುಕ್ಕಾಲು ಭಾಗ ಮುಗಿದಾಗ ಮಾತ್ರ ಪುಸ್ತಕ ಮಡಿಸಿಟ್ಟು, ಯಾರು, ಯಾಕೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ‘ಯಾಕೆ’ ಬರೆಯುವುದು ಕಡ್ಡಾಯ. ಬರೀ ಹೆಸರನ್ನು ಯಾರು ಬೇಕಾದರೂ ಊಹಿಸಬಹುದು. ವಾರ ಕಳೆದ ಮೇಲೆ ಮೊದಲ ಮೂವತ್ತು ಪುಟ ಮತ್ತೆ ಓದಿ. ಈಗ ಅಪರಾಧಿ ಯಾರೆಂದು ಗೊತ್ತು, ಕುತೂಹಲದ ಒತ್ತಡ ಇಲ್ಲ. ಅವನು ಆಡುವ ಒಂದೊಂದು ಮಾತಿಗೂ ಈಗ ಇನ್ನೊಂದು ಅರ್ಥ ಹುಟ್ಟುತ್ತಿದೆಯೇ? ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಬಂದಾಗ ಲೇಖಕಿ ವಂಚಿಸಿದರೆಂದು ಸಿಟ್ಟಾದವರಿದ್ದರು. ಮತ್ತೆ ಓದಿದವರಿಗೆ, ಆಕೆ ಎಲ್ಲೂ ಸುಳ್ಳು ಹೇಳದೆ, ಹೇಳಬೇಕಾದ ಒಂದನ್ನು ಎರಡು ವಾಕ್ಯಗಳ ನಡುವೆ ಬಿಟ್ಟು ಮುಂದೆ ಹೋಗಿದ್ದು ಕಾಣುತ್ತದೆ. ಎರಡನೆಯ ಓದಿನಲ್ಲಿ ಬೆಳೆದ ಪುಸ್ತಕ ಅದು.

ಇದೇ ಪುಸ್ತಕದ ಹೆಸರು ಹಿಡಿದು, ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂದು ಕೇಳಿದವರು ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್. 1945ರ ಅವರ ಆ ಲೇಖನದ ತಕರಾರು ಹಗುರಾದದ್ದಲ್ಲ: ಪಾತ್ರಗಳು ಕಾಗದದ ಬೊಂಬೆಗಳಾದರೆ, ಸತ್ತವನ ಬಗ್ಗೆ ಯಾರಿಗೂ ದುಃಖವಿಲ್ಲದಿದ್ದರೆ, ಉತ್ತರ ತಿಳಿದು ಏನಾಗಬೇಕು? ಅದರ ಹಿಂದಿನ ವರ್ಷವಷ್ಟೇ ರೇಮಂಡ್ ಚಾಂಡ್ಲರ್, ತಾನೇ ಪತ್ತೇದಾರಿ ಲೇಖಕನಾಗಿದ್ದೂ, ಕೊಲೆಯನ್ನು ಬರೀ ಒಗಟಾಗಿ ಮಾಡುವವರನ್ನು ತರಾಟೆಗೆ ತೆಗೆದುಕೊಂಡಿದ್ದ. ಆದ್ದರಿಂದ ನಾನು ಸತ್ತವರ ಕಡೆಯಿಂದಲೂ ಒಮ್ಮೆ ನೋಡುತ್ತೇನೆ. ಆ ಮನೆಯಲ್ಲಿ ಒಬ್ಬರು ಇಲ್ಲವಾದದ್ದು ಯಾರಿಗಾದರೂ ತಟ್ಟಿದೆಯೇ? ಎಷ್ಟೋ ಜಾಣ ಕಥೆಗಳು ಇಲ್ಲಿ ಬಿದ್ದುಹೋಗುತ್ತವೆ.

ಊರಿನದ್ದೂ ಒಂದು ಪರೀಕ್ಷೆ ಇದೆ. ಕಥೆಯನ್ನು ಎತ್ತಿ ಬೇರೆ ಊರಿನಲ್ಲಿ ಇಟ್ಟರೂ ಹಾಗೇ ನಡೆಯುವುದಾದರೆ ಆ ಊರು ಅಲ್ಲಿ ಬರೀ ಹೆಸರು. ಮಳಗಿಯಲ್ಲಿ ನಡೆಯುವ ಕಥೆಗೆ ಧರ್ಮಾ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿಯುವುದು ಗೊತ್ತಿರಬೇಕು. ಮಳೆಗಾಲದಲ್ಲಿ ಎಸೆದದ್ದು ಏಪ್ರಿಲ್‌ನಲ್ಲಿ ದಂಡೆಗೆ ಕಾಣಿಸೀತು. ಸಾಗವಾನಿ ದಿಮ್ಮಿಯ ಮೇಲೆ ಅರಣ್ಯ ಇಲಾಖೆಯ ಗುರುತು ಇದೆಯೋ ಇಲ್ಲವೋ ಎಂಬುದು ಇಲ್ಲಿ ಒಬ್ಬನನ್ನು ಜೈಲಿಗೂ ಕಳಿಸಬಹುದು. ಈ ಪರೀಕ್ಷೆಯಲ್ಲಿ ಟಿ.ಕೆ. ರಾಮರಾವ್ ಬಹಳ ಕಡೆ ಗೆಲ್ಲುತ್ತಾರೆ. ಡಾ. ರಾಜ್‌ಕುಮಾರ್ ಚಿತ್ರವಾಗಿ 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ದ ಕಾದಂಬರಿಕಾರರು ಇವರೇ. ಇವರ ರೋಚಕ ಕಾದಂಬರಿಗಳಲ್ಲಿ ಮಲೆನಾಡು ಬರೀ ಹಿನ್ನೆಲೆಯಾಗಿ ನಿಲ್ಲದೆ ಕಥೆಯ ಒಳಗೇ ಕೆಲಸ ಮಾಡುತ್ತದೆ.

ಪೂರ್ಣಚಂದ್ರ ತೇಜಸ್ವಿಯವರಂತೂ ಈ ಪ್ರಕಾರವನ್ನೇ ಎತ್ತಿ ಬೇರೆ ಕಡೆ ಇಟ್ಟರು. ‘ಚಿದಂಬರ ರಹಸ್ಯ’ದಲ್ಲಿ (1985) ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿದೆ, ತನಿಖೆಗೆ ಬರುವ ಗುಪ್ತಚರ ಇಲಾಖೆಯ ಅಧಿಕಾರಿ ಅಂಗಡಿ ಇದ್ದಾರೆ, ಅನುಮಾನಗಳಿಗೆ ಲೆಕ್ಕವಿಲ್ಲ. ಆದರೆ ಓದುತ್ತ ಹೋದಂತೆ ಒಬ್ಬ ಅಪರಾಧಿಯ ಹುಡುಕಾಟ, ಕಥೆ ನಡೆಯುವ ಇಡೀ ಕೆಸರೂರಿನ ತಪಾಸಣೆಯಾಗಿ ಹಿಗ್ಗುತ್ತದೆ. ಏಲಕ್ಕಿ ಫಸಲು ಇಳಿಯುತ್ತಿರುವುದು, ಕಾಡನ್ನು ಮುಚ್ಚುತ್ತಿರುವ ಲಂಟಾನ, ಜಾತಿ, ಧರ್ಮದ ಹೊಗೆ ಎಲ್ಲವೂ ಸಾಕ್ಷ್ಯಗಳೇ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಕಾದಂಬರಿಗೆ. ಏಲಕ್ಕಿ ಮಾರಿ ಹೊರಟ ಸುರೇಶ, ಗೌರಿಯರ ಬೆನ್ನು ಹತ್ತುವ ‘ಜುಗಾರಿ ಕ್ರಾಸ್’ ಓದಲು ಇನ್ನೂ ವೇಗ; ಕಾಡಿನ ಅಂಚಿನ ಊರಿನವರಿಗೆ ಅದರ ಭಯ ಚೆನ್ನಾಗಿಯೇ ಅರ್ಥವಾಗುತ್ತದೆ.

ನಮ್ಮ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬದುಕಿದ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಯಾರೂ ಪತ್ತೇದಾರಿ ಕಪಾಟಿನಲ್ಲಿ ಇಡುವುದಿಲ್ಲ. ನಾನು ಅದನ್ನು ಹೋಮ್ಸ್ ಕಥೆಗಳ ಪಕ್ಕದಲ್ಲೇ ಓದಿ ಎನ್ನುತ್ತೇನೆ. ನಾಗಪ್ಪ ದೊಡ್ಡ ಕಂಪನಿಯ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಆರೋಪ ಏನೆಂದು ಹೇಳುವುದಿಲ್ಲ. ತನ್ನ ವಿರುದ್ಧ ಯಾರು ಸಂಚು ಮಾಡಿದರು, ಯಾಕೆ ಎಂದು ಅವನೇ ಹುಡುಕಬೇಕು. ಶಂಕಿತ, ಬಲಿ, ಪತ್ತೇದಾರ ಮೂರೂ ಅವನೇ. ಯಾರದೋ ಫೋನು, ಯಾರದೋ ನಗು, ನೆನಪಿನಲ್ಲಿ ಅರ್ಧ ಉಳಿದ ಹಳೆಯ ಘಟನೆ, ಎಲ್ಲವೂ ಅವನಿಗೆ ಸುಳಿವಿನಂತೆ ಕಾಣುತ್ತವೆ, ಯಾವುದು ನಿಜವಾದ ಸುಳಿವು ಎಂಬುದು ಮಾತ್ರ ಬಗೆಹರಿಯುವುದಿಲ್ಲ. ಪತ್ತೇದಾರಿ ಕಥೆಗಳ ಲಯ ಗೊತ್ತಿದ್ದವರಿಗೆ ನಾಗಪ್ಪನ ದಿಗಿಲು ಇನ್ನೂ ಬೇಗ ಮುಟ್ಟುತ್ತದೆ.

ಶುರುಮಾಡುವವರು ಹೋಮ್ಸ್‌ನ ಸಣ್ಣ ಕಥೆಗಳಿಂದ ಶುರುಮಾಡಿ. ಅವುಗಳ ಕನ್ನಡ ಅನುವಾದಗಳಿವೆ. ಆಮೇಲೆ ಒಂದು ನರಸಿಂಹಯ್ಯ, ಒಂದು ರಾಮರಾವ್, ‘ಜುಗಾರಿ ಕ್ರಾಸ್’, ಕೊನೆಗೆ ‘ಶಿಕಾರಿ’. ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಸಿಗದಿದ್ದರೆ ತಾಲೂಕಿನ ಗ್ರಂಥಾಲಯದಲ್ಲಿ ಕೇಳಿ. ಹಳೆಯ ಪ್ರತಿಯಾದರೆ ಕೌಂಟರ್ ಬಿಡುವ ಮೊದಲು ಕೊನೆಯ ಹಾಳೆಗಳು ಇವೆಯೇ ಎಂದು ಪುಟಸಂಖ್ಯೆ ಮಾತ್ರ ನೋಡಿಕೊಳ್ಳಿ, ವಾಕ್ಯ ಓದಬೇಡಿ. ಕೊಲೆಗಾರನ ಹೆಸರನ್ನು ಯಾರಾದರೂ ಮೊದಲ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರೆ, ಮುಂದಿನವರಿಗಾಗಿ ರಬ್ಬರಿನಿಂದ ಅಳಿಸಿ ವಾಪಸ್ ಕೊಡಿ.